ಕೈ ತೆಗೆಸಿದರೆ ನೋವು ಹೋಗುತ್ತಾ, ಡಾಕ್ಟ್ರೇ?

ಪ್ರಶ್ನೆ: ಕಳೆದ ವರ್ಷ ಮೆಣಸು ಕೊಯ್ಯುವಾಗ ಸಿಲ್ವರ್ ಮರಕ್ಕೆ ಇಟ್ಟ ಏಣಿಯಿಂದ ಬಿದ್ದು ನನ್ನ ಎಡಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿದೆ, ಎಕ್ಸ್‌ರೇ ಸರಿಯಾಗಿದೆ ಅಂತಾರೆ. ಆದರೆ ಕೈ ಬೆಂಕಿ ಬಿದ್ದ ಹಾಗೆ ಉರಿಯುತ್ತೆ. ಅಂಗಿ ತೋಳು ತಾಗಿದರೂ ಜೀವ ಹೋಗುತ್ತೆ. ಒಮ್ಮೆ ಕೆಂಪಗೆ ಊದುತ್ತೆ, ಒಮ್ಮೆ ತಣ್ಣಗಾಗುತ್ತೆ. ಸಿ.ಆರ್.ಪಿ.ಎಸ್. ಅಂತ ಹೆಸರು ಹೇಳಿದ್ದಾರೆ. ಮನೆಯವರಿಗೆ ನಾಟಕದ ಹಾಗೆ ಕಾಣುತ್ತೆ. ಈ ಕೈ ತೆಗೆಸಿಬಿಡಲಾ?
– ಓದುಗರು, ಸೋಮವಾರಪೇಟೆ

ಉತ್ತರ: ಬೇಡ. ಮೊದಲು ಮನೆಯವರಿಗೆ ಒಂದು ಮಾತು: ಇದು ನಾಟಕವಲ್ಲ. ಸಿ.ಆರ್.ಪಿ.ಎಸ್. (ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್) ಅಂದರೆ ಪೆಟ್ಟು ವಾಸಿಯಾದ ಮೇಲೂ ಆ ಕೈಯಲ್ಲೋ ಕಾಲಲ್ಲೋ ಉಳಿದುಬಿಡುವ ತೀವ್ರ ನೋವಿನ ಕಾಯಿಲೆ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರ ಇಂಥದೇ ಉರಿಯ ಬಗ್ಗೆ ಸೈಲಸ್ ವೀಯರ್ ಮಿಚೆಲ್ ಎಂಬ ವೈದ್ಯ 1864ರಲ್ಲೇ ಬರೆದಿದ್ದಾನೆ. ಉರಿ ತಾಳಲಾರದೆ ಕೆಲವರು ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದರು. ಕತ್ತರಿಸಿ ತೆಗೆದ ಕೈಕಾಲು ಇನ್ನೂ ನೋಯುತ್ತದೆ ಎನ್ನುವವರ ಬಗ್ಗೆ ಬರೆದವನೂ ಅವನೇ.

ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ನೋವು ಈಗ ಮಣಿಕಟ್ಟಿನಲ್ಲಿ ಮಾತ್ರ ಇಲ್ಲ. ಬೆನ್ನುಹುರಿ, ಮಿದುಳಿಗೂ ಅದು ಅಭ್ಯಾಸವಾಗಿಬಿಟ್ಟಿದೆ. ಕೈ ಹೋದರೂ ಮಿದುಳಿನಲ್ಲಿ ಆ ಕೈಗೆ ಇರುವ ಜಾಗ ಹೋಗುವುದಿಲ್ಲ. ಉಳಿದ ಮೊಂಡುಗೈಯಲ್ಲೇ ಇದೇ ಕಾಯಿಲೆ ಮತ್ತೆ ಬರಬಹುದು. ಆಗ ಕೃತಕ ಕೈ ಹಾಕಿಕೊಳ್ಳುವುದೂ ಕಷ್ಟ. ಕತ್ತರಿಸಿದ ಮೇಲೆ ಹಾಯಾಗಿದ್ದೇನೆ ಎನ್ನುವವರೂ ಇದ್ದಾರೆ, ಸುಳ್ಳು ಹೇಳಲಾರೆ. ಆದರೆ ಯಾರಿಗೆ ಹಾಗಾಗುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಹತೋಟಿಗೆ ಬಾರದ ಸೋಂಕು, ಕೊಳೆಯುವ ಗಾಯ ಇದ್ದರೆ ಲೆಕ್ಕವೇ ಬೇರೆ. ನಿಮಗೆ ಅದಿಲ್ಲ.

ಕೈಯನ್ನು ಟವೆಲ್‌ನಲ್ಲಿ ಸುತ್ತಿ ಎದೆಗೆ ಅವಚಿಕೊಂಡೇ ಇರುತ್ತೀರಿ, ಅಲ್ವಾ? ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅದನ್ನು ನಿಲ್ಲಿಸಬೇಕು. ಆಡಿಸದ ಕೈ ಬಿಗಿದುಕೊಳ್ಳುತ್ತದೆ. ಐಸ್ ಇಡಬೇಡಿ. ಮೊದಲು ಹತ್ತಿಯಿಂದ ಮೆಲ್ಲಗೆ ಸವರಿ. ಅದು ಒಗ್ಗಿದ ಮೇಲೆ ಮೆತ್ತನೆ ಬಟ್ಟೆ, ಆಮೇಲೆ ಒರಟು ಟವೆಲ್. ಆಮೇಲೆ ಒಂದು ಪಾತ್ರೆಗೆ ಒಣಗಿದ ಕಾಫಿ ಬೀಜ ಸುರಿದು ಅದರೊಳಗೆ ಬೆರಳಾಡಿಸಿ. ನಿಮ್ಮಲ್ಲಿ ಅದಕ್ಕೇನು ಬರ!

ಕನ್ನಡಿಯ ಅಭ್ಯಾಸವೂ ಇದೆ. ಎದೆಯ ನೇರಕ್ಕೆ, ಎರಡು ಕೈಗಳ ನಡುವೆ, ಮುಖ ಬಲಗೈ ಕಡೆ ಇರುವಂತೆ ಕನ್ನಡಿ ನಿಲ್ಲಿಸಿ, ನೋಯುವ ಕೈ ಅದರ ಹಿಂದೆ ಮರೆಯಾಗಿರಲಿ. ಬಲಗೈ ಆಡಿಸುತ್ತಾ ಬಿಂಬವನ್ನೇ ನೋಡಿ. ಎಡಗೈ ನೋವಿಲ್ಲದೆ ಆಡುತ್ತಿದೆ ಅಂತ ಮಿದುಳು ನಂಬತೊಡಗುತ್ತದೆ. ಎಲ್ಲರಿಗೂ ಫಲ ಸಿಗುವುದಿಲ್ಲ, ಕೆಲವರಿಗೆ ನೋವು ಹೆಚ್ಚಬಹುದು ಕೂಡ. ಫಿಸಿಯೋಥೆರಪಿಯವರ ಎದುರು ಕಲಿತು ಮನೆಯಲ್ಲಿ ಮುಂದುವರಿಸಿ.

ಮೈಸೂರಿಗೆ ಹೋದಾಗ ಮೂಳೆ ಡಾಕ್ಟರ ಜೊತೆಗೆ ನೋವಿನ ಚಿಕಿತ್ಸೆಯ ಡಾಕ್ಟರನ್ನೂ ನೋಡಿ. ನರದ ನೋವಿಗೆ ಗ್ಯಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಥರದ ಮಾತ್ರೆಗಳಿವೆ. ಕುತ್ತಿಗೆಯ ಬಳಿ ನರಗಳ ಗಂಟಿಗೆ ಕೊಡುವ ಇಂಜೆಕ್ಷನ್ ಇದೆ. ಅದೂ ಆಗದಿದ್ದರೆ ಬೆನ್ನುಹುರಿ ಹತ್ತಿರ ಸಣ್ಣ ವಿದ್ಯುತ್ ಸಾಧನ ಕೂರಿಸುತ್ತಾರೆ, ಅದು ದುಬಾರಿ. ಇದರಲ್ಲಿ ನಿಮಗೆ ಯಾವುದು ಹೊಂದುತ್ತದೆ ಅಂತ ಕೇಳಿ. ರಾತ್ರಿ ನಿದ್ದೆ ಬರುತ್ತಿಲ್ಲ ಅನ್ನುವುದನ್ನೂ ಮುಚ್ಚಿಡಬೇಡಿ, ಮಾತ್ರೆ ಆರಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ.