ಮನೆಯಲ್ಲಿ ಸಣ್ಣ ಶಬ್ದದಲ್ಲಿ ನುಡಿಸಲು ಒಳ್ಳೆ ಡಿಸ್ಟಾರ್ಷನ್ ಇರುವ ಗಿಟಾರ್ ಆಂಪ್ ಯಾವುದು?

ನಿಮ್ಮ ಹತ್ತಿರ ಇರುವುದು ಗಿಟಾರ್ ಜೊತೆಗೇ ಬಂದ 10 ವ್ಯಾಟ್‌ನ ಪುಟ್ಟ ಆಂಪ್. ಕ್ಲೀನ್ (ಒರಟಿಲ್ಲದ ತಿಳಿ ದನಿ) ಪರವಾಗಿಲ್ಲ, ಆದರೆ ಗೇನ್ (ಡಿಸ್ಟಾರ್ಷನ್, ಅಂದರೆ ದನಿಯ ಒರಟುತನ ಹೆಚ್ಚಿಸುವ ನಾಬ್) ಏರಿಸಿದರೆ ಜೇನುಹುಳ ಗುಂಯ್ ಅಂದ ಹಾಗೆ ಕೇಳುತ್ತದೆ ಅಂತ ಬರೆದಿದ್ದೀರಿ. ರಾಕ್ ಮತ್ತು ಸ್ವಲ್ಪ ಮೆಟಲ್ ನುಡಿಸುವ ಆಸೆ, ಸಮಯ ಸಿಗುವುದು ರಾತ್ರಿ ಹೊತ್ತು. ಟ್ಯೂಬ್ ಆಂಪ್‌ಗೆ (ಗಾಜಿನ ನಿರ್ವಾತ ಕೊಳವೆ ಬಳಸುವ ಹಳೆ ಬಗೆಯ ಆಂಪ್) ಹೋಗಬೇಕಾ, 5 ವ್ಯಾಟ್ ಸಾಕಾ, 50 ಬೇಕಾ ಅಂತ ಕೇಳಿದ್ದೀರಿ.

ನೇರ ಉತ್ತರ ಮೊದಲು ಕೊಡುತ್ತೇನೆ. ಈಗಲೇ ಟ್ಯೂಬ್ ಬೇಡ. 8ರಿಂದ 12 ಇಂಚಿನ ಸ್ಪೀಕರ್ ಇರುವ, ಗೇನ್ ನಾಬ್ ಬೇರೆ ಮಾಸ್ಟರ್ ವಾಲ್ಯೂಮ್ (ಒಟ್ಟು ಶಬ್ದದ ನಾಬ್) ಬೇರೆ ಇರುವ ಮಾಡೆಲಿಂಗ್ ಆಂಪ್ (ಬೇರೆ ಆಂಪ್‌ಗಳ ದನಿಯನ್ನು ಡಿಜಿಟಲ್ ಆಗಿ ಅನುಕರಿಸುವುದು) ಅಥವಾ ಸಾಲಿಡ್ ಸ್ಟೇಟ್ ಆಂಪ್ (ಟ್ಯೂಬ್ ಬದಲು ಟ್ರಾನ್ಸಿಸ್ಟರ್ ಬಳಸುವುದು) ನೋಡಿ. ಮುಖ್ಯವಾಗಿ, ಆಂಪ್ ಆರಿಸುವಾಗ ಅದನ್ನು ನೀವು ಮನೆಯಲ್ಲಿ ಇಡುವಷ್ಟೇ ಸಣ್ಣ ಶಬ್ದದಲ್ಲಿ ಕೇಳಿ ತೀರ್ಮಾನ ಮಾಡಿ. ಜೋರಾಗಿ ಇಟ್ಟರೆ ಹೆಚ್ಚುಕಮ್ಮಿ ಎಲ್ಲ ಆಂಪೂ ಚೆನ್ನಾಗಿಯೇ ಕೇಳುತ್ತದೆ, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಯಾಕೆ ಅಂದರೆ, ಡಿಸ್ಟಾರ್ಷನ್ ಎಲ್ಲಿ ಹುಟ್ಟುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಗಿಟಾರ್‌ನಿಂದ ಬಂದ ಅಲೆ ಸರ್ಕ್ಯೂಟ್ ತಡೆಯುವ ಮಿತಿ ದಾಟಿದಾಗ ಅದರ ತುದಿ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ತುದಿ ಚಪ್ಪಟೆಯಾದಾಗ ಮೂಲ ಸ್ವರದಲ್ಲಿ ಇಲ್ಲದ ಹೊಸ ಹಾರ್ಮೋನಿಕ್‌ಗಳು (ಮೂಲದ ಎರಡು, ಮೂರು ಪಟ್ಟು ಕಂಪನದ ಮೇಲಿನ ಸ್ವರಗಳು) ಸೇರಿಕೊಳ್ಳುತ್ತವೆ, ನಾವು ಇಷ್ಟಪಡುವ ಆ ಒರಟು ದನಿ ಅವುಗಳಿಂದಲೇ ಬರುವುದು. ಇದು ಪ್ರಿಆಂಪ್‌ನಲ್ಲಿ (ದನಿ ರೂಪಿಸುವ ಮೊದಲ ಹಂತ) ಆಗಬಹುದು, ಪವರ್ ಆಂಪ್‌ನಲ್ಲಿ (ಸ್ಪೀಕರ್‌ಗೆ ಶಕ್ತಿ ಕೊಡುವ ಕೊನೆಯ ಹಂತ) ಆಗಬಹುದು, ಸ್ಪೀಕರ್‌ನಲ್ಲೂ ಆಗಬಹುದು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಒಂದು ಸಣ್ಣ ಆಂಪ್‌ನ ಸ್ಪೀಕರ್ ಕೋನನ್ನು ಬ್ಲೇಡಿನಿಂದ ಸೀಳಿ ಆ ಸದ್ದು ತೆಗೆದಿದ್ದರು. ಹಳೆಯ ಆಂಪ್‌ಗಳಲ್ಲಿ ಬಹುಪಾಲು ಒಂದೇ ವಾಲ್ಯೂಮ್ ನಾಬ್ ಇರುತ್ತಿತ್ತು, ಹಾಗಾಗಿ ಡಿಸ್ಟಾರ್ಷನ್ ಬೇಕು ಅಂದರೆ ಇಡೀ ಆಂಪನ್ನು ಪೂರ್ತಿ ಏರಿಸದೆ ಬೇರೆ ದಾರಿ ಇರಲಿಲ್ಲ. 1975ರಲ್ಲಿ ಮಾರ್ಷಲ್ ತನ್ನ 2203 ಮಾಡೆಲ್‌ನಲ್ಲಿ ಮಾಸ್ಟರ್ ವಾಲ್ಯೂಮ್ ಕೊಟ್ಟಿತು. ಪ್ರಿಆಂಪನ್ನು ಬೇಕಾದಷ್ಟು ಕ್ಲಿಪ್ ಮಾಡಿ, ಕೊನೆಯಲ್ಲಿ ಶಬ್ದ ಇಳಿಸುವ ಅನುಕೂಲ ಅದು. ಮನೆಯಲ್ಲಿ ನುಡಿಸುವವರಿಗೆ ಬೇಕಾದದ್ದು ಇದೇ. ಡಿಸ್ಟಾರ್ಷನ್ ಪ್ರಿಆಂಪ್‌ನಲ್ಲೋ ಪೆಡಲ್‌ನಲ್ಲೋ (ಗಿಟಾರ್ ಮತ್ತು ಆಂಪ್ ನಡುವೆ ಜೋಡಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಡಿಜಿಟಲ್ ಚಿಪ್‌ನಲ್ಲೋ ಹುಟ್ಟಬೇಕು, ಪವರ್ ಆಂಪ್ ಸುಮ್ನೆ ಅದನ್ನು ಸ್ಪೀಕರ್‌ಗೆ ತಲುಪಿಸಬೇಕು.

ಈಗ ವ್ಯಾಟ್ ವಿಷಯ. 50 ವ್ಯಾಟ್ ಅಂದರೆ 5 ವ್ಯಾಟ್‌ಗಿಂತ ಹತ್ತು ಪಟ್ಟು ಜೋರು ಅಲ್ಲ. ಹತ್ತು ಪಟ್ಟು ವ್ಯಾಟ್ ಕೊಟ್ಟರೆ 10 ಡೆಸಿಬೆಲ್ ಏರುತ್ತದೆ, ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ, ಅಷ್ಟೇ. ಒಳ್ಳೆಯ 12 ಇಂಚಿನ ಗಿಟಾರ್ ಸ್ಪೀಕರ್‌ಗೆ ಬರೀ 1 ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಬರುತ್ತದೆ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್. ಅಂದರೆ ರಾತ್ರಿ ನುಡಿಸುವಾಗ ನೀವು ಬಳಸುವುದು ಒಂದು ವ್ಯಾಟಿನ ತೀರಾ ಸಣ್ಣ ಪಾಲು. ಹಾಗಾಗಿ 5 ವ್ಯಾಟ್ ಟ್ಯೂಬ್ ಆಂಪ್ 'ಬೆಡ್‌ರೂಮ್ ಆಂಪ್' ಅನ್ನುವ ಮಾತನ್ನು ನಂಬಬೇಡಿ, ಅದರ ಪವರ್ ಟ್ಯೂಬ್ ಕ್ಲಿಪ್ ಆಗುವ ಮಟ್ಟಕ್ಕೆ ಏರಿಸಿದರೆ ಪಕ್ಕದ ಮನೆಯವರೂ ಎದ್ದು ಕೂರುತ್ತಾರೆ. ಅದೇ ರೀತಿ 50 ವ್ಯಾಟ್‌ನ ಮಾಡೆಲಿಂಗ್ ಆಂಪ್‌ಗೆ ಹೆದರಬೇಕಾಗಿಲ್ಲ, ಅದರ ಮಾಸ್ಟರ್ ಇಳಿಸಿದರೆ ಸಣ್ಣ ಶಬ್ದದಲ್ಲೂ ಡಿಸ್ಟಾರ್ಷನ್ ಹಾಗೇ ಇರುತ್ತದೆ.

ನಿಮ್ಮ ಈಗಿನ ಆಂಪ್ ಯಾಕೆ ಗುಂಯ್ ಅನ್ನುತ್ತದೆ? ಹೆಚ್ಚಿನ ಪಾಲು ಸ್ಪೀಕರ್ ಮತ್ತು ಡಬ್ಬದ ಗಾತ್ರ ಕಾರಣ. ಐದಾರು ಇಂಚಿನ ಸ್ಪೀಕರ್, ಚಿಕ್ಕ ಡಬ್ಬ, ಕೆಳಗಿನ ಸ್ವರಗಳಿಗೆ ಜಾಗವೇ ಇಲ್ಲ, ಉಳಿಯುವುದು ಮೇಲಿನ ಕೀರಲು. ಇದರ ಜೊತೆ ಕಿವಿಯ ಗುಣವೂ ಸೇರುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ತೋರಿಸಿದ್ದಾರೆ, ಶಬ್ದ ಸಣ್ಣದಾದಷ್ಟೂ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ. ವೇದಿಕೆಯ ಮೇಲೆ ಎದೆಗೆ ಬಡಿಯುವ ರಿಫ್ ನಿಮ್ಮ ಕೋಣೆಯಲ್ಲಿ ಸೊರಗಿದ ಹಾಗೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ಆಗ ಎಲ್ಲರೂ ಮಾಡುವ ಕೆಲಸ ಅಂದರೆ ಗೇನ್ ಇನ್ನೂ ಏರಿಸುವುದು, ಮಿಡ್ (ನಡುವಿನ ಸ್ವರಗಳ ನಾಬ್) ಪೂರ್ತಿ ಇಳಿಸುವುದು. ಎರಡೂ ಮಾಡಬೇಡಿ. ಗಿಟಾರ್‌ನ ಜೀವ ಇರುವುದೇ ಮಿಡ್‌ನಲ್ಲಿ. ಇವತ್ತು ರಾತ್ರಿ ಒಂದು ಸಲ ಗೇನ್ ಅರ್ಧಕ್ಕೆ ಇಳಿಸಿ, ಮಿಡ್ ಏರಿಸಿ, ಟ್ರೆಬಲ್ ಸ್ವಲ್ಪ ತೆಗೆದು ನುಡಿಸಿ ನೋಡಿ. ಹೊಸ ಆಂಪ್ ಬೇಕಾಗುವುದು ಬೇಕಾಗುತ್ತದೆ, ಆದರೆ ಹಳೆಯದೂ ಎಷ್ಟೋ ಸುಧಾರಿಸುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್ ತಗೊಂಡು ಹೋಗಿ. ಪಿಕಪ್ (ಗಿಟಾರ್‌ನಲ್ಲಿ ತಂತಿಯ ಕಂಪನ ಹಿಡಿಯುವ ಭಾಗ) ಬೇರೆಯಾದರೆ ಡಿಸ್ಟಾರ್ಷನ್ ಬೇರೆಯೇ ಕೇಳುತ್ತದೆ. ಆಂಪ್‌ನ ರಿವರ್ಬ್, ಡಿಲೇ (ಮಾರ್ದನಿ, ಪ್ರತಿಧ್ವನಿ) ಎಲ್ಲ ಆಫ್ ಮಾಡಿ, ಅವು ಬಹಳಷ್ಟು ಕೊರತೆ ಮುಚ್ಚಿಹಾಕುತ್ತವೆ. ಬೇಸ್, ಮಿಡ್, ಟ್ರೆಬಲ್ ಮೂರೂ ನಡುವಿಗೆ ಇಡಿ, ಗೇನ್ ಅರ್ಧ. ಮಾಸ್ಟರ್ ಎಷ್ಟಿರಬೇಕು ಅಂದರೆ, ಪಕ್ಕದಲ್ಲಿ ನಿಂತವರ ಜೊತೆ ದನಿ ಏರಿಸದೆ ಮಾತಾಡುವ ಹಾಗಿರಬೇಕು.

ಮೊದಲು ದಪ್ಪನೆಯ ಇ ತಂತಿ. ಬ್ರಿಡ್ಜ್ ಹತ್ತಿರ ಅಂಗೈ ಅಂಚನ್ನು ಮೆಲ್ಲಗೆ ಒತ್ತಿ (ಇದೇ ಪಾಮ್ ಮ್ಯೂಟ್), ಪಿಕ್ ಕೆಳಮುಖವಾಗಿ ಒಂದೇ ಸಮ ಹೊಡೆಯಿರಿ. ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳಬೇಕು. ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದರೆ ಆ ಆಂಪ್‌ನಲ್ಲಿ ಬೇಸ್ ಜಾಸ್ತಿ ಕ್ಲಿಪ್ ಆಗುತ್ತಿದೆ ಅಂತ ಅರ್ಥ, ಮೆಟಲ್‌ಗೆ ಅದು ಆಗದು. ಆಮೇಲೆ ಮೂರನೇ ತಂತಿಯ 7ನೇ ಫ್ರೆಟ್‌ನಲ್ಲಿ ಒಂದೇ ಒಂದು ಸ್ವರ ನುಡಿಸಿ, ಬೆರಳು ತೆಗೆಯದೆ ಅದು ಪೂರ್ತಿ ನಿಲ್ಲುವವರೆಗೆ ಕೇಳಿ. ಇದಕ್ಕೆ ತಾಳ್ಮೆ ಬೇಕು, ಆದರೆ ನಾನು ಅತಿ ಹೆಚ್ಚು ನಂಬುವ ಪರೀಕ್ಷೆ ಇದು. ಒಳ್ಳೆಯ ಆಂಪ್‌ನಲ್ಲಿ ಒರಟುತನ ನಿಧಾನವಾಗಿ ಕರಗುತ್ತಾ ಕ್ಲೀನ್ ಸ್ವರ ಉಳಿದು, ಆಮೇಲೆ ಅದೂ ಇಳಿಯುತ್ತದೆ. ಕಳಪೆ ಡಿಸ್ಟಾರ್ಷನ್‌ನಲ್ಲಿ ಸ್ವರದ ಬಾಲ ಪರಪರ ಅಂತ ಹರಿದು, ಯಾರೋ ಸ್ವಿಚ್ ಒತ್ತಿದ ಹಾಗೆ ಥಟ್ಟನೆ ನಿಲ್ಲುತ್ತದೆ.

ಮೂರನೆಯದು, ಗಿಟಾರ್‌ನ ವಾಲ್ಯೂಮ್ ನಾಬನ್ನು 10ರಿಂದ 4ಕ್ಕೆ ಇಳಿಸಿ. ಆಂಪ್ ಮುಟ್ಟಬೇಡಿ. ಡಿಸ್ಟಾರ್ಷನ್ ಕಡಿಮೆಯಾಗಿ ದನಿ ತಿಳಿಯಾಗಬೇಕು, ಮೆಲ್ಲಗೆ ಮೀಟಿದರೆ ಮೆದು, ಬಲವಾಗಿ ಹೊಡೆದರೆ ಒರಟು ಆಗಬೇಕು. ಶಬ್ದ ಮಾತ್ರ ಇಳಿದು ಅದೇ ಗುಂಯ್ ಉಳಿದರೆ ಆ ಆಂಪ್ ನಿಮ್ಮ ಕೈಯ ಮಾತು ಕೇಳುವುದಿಲ್ಲ. ಅಂಥದ್ದರಲ್ಲಿ ನುಡಿಸಿದರೆ ಕೈ ಕೂಡ ಬೆಳೆಯುವುದಿಲ್ಲ ಅನ್ನುವುದು ನನ್ನ ಅನಿಸಿಕೆ.

ಕೊನೆಗೆ ಎ ಪವರ್ ಕಾರ್ಡ್ (ಎ ಮತ್ತು ಇ ಎರಡೇ ಸ್ವರ) ನುಡಿಸಿ, ತಕ್ಷಣ ಪೂರ್ತಿ ಎ ಮೇಜರ್ ಕಾರ್ಡ್ ನುಡಿಸಿ. ಎರಡು ಸ್ವರ ಒಟ್ಟಿಗೆ ಕ್ಲಿಪ್ ಆದಾಗ ಅವುಗಳ ವ್ಯತ್ಯಾಸದ ಸ್ವರವೂ ಹುಟ್ಟುತ್ತದೆ. ಎ 110 ಹರ್ಟ್ಜ್, ಅದರ ಮೇಲಿನ ಇ ಸುಮಾರು 165, ವ್ಯತ್ಯಾಸ 55. ಅದು ಒಂದು ಆಕ್ಟೇವ್ ಕೆಳಗಿನ ಎ ಸ್ವರವೇ, ಹಾಗಾಗಿ ಪವರ್ ಕಾರ್ಡ್ ಅಷ್ಟು ಗಟ್ಟಿಯಾಗಿ ಕೇಳುವುದು. ಮೇಜರ್ ಕಾರ್ಡ್‌ನಲ್ಲಿ ಎ 220 ಮತ್ತು ಸಿ ಶಾರ್ಪ್ 277 ಸೇರಿದಾಗ ವ್ಯತ್ಯಾಸ ಸುಮಾರು 57. ಈ 55 ಮತ್ತು 57 ಒಂದಕ್ಕೊಂದು ತಿಕ್ಕಾಡಿ ಕೆಸರಾಗುತ್ತದೆ. ಯಾವ ಆಂಪ್‌ನಲ್ಲೂ ಇದು ಪೂರ್ತಿ ತಪ್ಪುವುದಿಲ್ಲ. ಆದರೂ ಅರ್ಧ ಗೇನ್‌ನಲ್ಲಿ ಆ ಕಾರ್ಡ್ ಮೇಜರ್ ಅಂತ ಗುರುತು ಸಿಗುವಷ್ಟಾದರೂ ತಿಳಿಯಾಗಿರಬೇಕು.

ಹೆಸರು ಹೇಳಿ ಅಂತ ಕೇಳುತ್ತೀರಿ ಅಲ್ವಾ. ನಿಮ್ಮ ಅಗತ್ಯಕ್ಕೆ ನಾನು ಮೊದಲು ಹೇಳುವುದು ಬಾಸ್ ಕಟಾನಾ 50. ಅದರಲ್ಲಿ 12 ಇಂಚಿನ ಸ್ಪೀಕರ್ ಇದೆ, 50, 25, 0.5 ವ್ಯಾಟ್ ಅಂತ ಮೂರು ಹಂತದ ಸ್ವಿಚ್ ಇದೆ. ರಾತ್ರಿ ಹೊತ್ತು 0.5ಕ್ಕೆ ಇಟ್ಟರೆ ಮಾಸ್ಟರ್ ನಾಬನ್ನು ಕೂದಲೆಳೆಯಷ್ಟು ತಿರುಗಿಸಲು ಒದ್ದಾಡಬೇಕಾಗಿಲ್ಲ, ಆರಾಮವಾಗಿ ಏರಿಸಬಹುದು. ಅದರ ಬ್ರೌನ್ ಚಾನೆಲ್ ರಾಕ್‌ಗೂ ಮೆಟಲ್‌ಗೂ ಚೆನ್ನಾಗಿ ಒಗ್ಗುತ್ತದೆ. ಮೆನು, ಆ್ಯಪ್ ಯಾವುದೂ ಬೇಡ, ನಾಬ್ ತಿರುಗಿಸಿ ನುಡಿಸಿದರೆ ಸಾಕು ಅನ್ನುವವರಾದರೆ ಆರೆಂಜ್ ಕ್ರಶ್ 20 ನೋಡಿ. 8 ಇಂಚಿನ ಸ್ಪೀಕರ್, ಒಳಗೆ ಅನಲಾಗ್ ಸರ್ಕ್ಯೂಟ್, ಮಿಡ್ ತುಂಬಿದ ದಪ್ಪ ದನಿ. ಜಾಗವೇ ಇಲ್ಲ, ಮೇಜಿನ ಮೇಲೆ ಇಡಬೇಕು ಅಂದರೆ ಯಮಹಾ ಟಿಎಚ್ಆರ್10-2. ಅದರಲ್ಲಿರುವುದು ಎರಡು ಪುಟ್ಟ ಸ್ಪೀಕರ್, ಆದರೆ ಅದನ್ನು ಮೊದಲಿನಿಂದಲೂ ಸಣ್ಣ ಶಬ್ದಕ್ಕೆಂದೇ ಮಾಡಿದ್ದಾರೆ, ತೀರಾ ಮೆಲ್ಲಗೆ ಇಟ್ಟಾಗ ಇದರಷ್ಟು ತುಂಬಿದ ದನಿ ದೊಡ್ಡ ಆಂಪ್‌ಗಳಲ್ಲೂ ಅಪರೂಪ. ಪಾಮ್ ಮ್ಯೂಟ್ ಹೊಡೆದಾಗ 12 ಇಂಚಿನ ಸ್ಪೀಕರ್ ತಳ್ಳುವ ಗಾಳಿಯ ಆ ಗುದ್ದು ಮಾತ್ರ ಇದರಲ್ಲಿ ಸಿಗುವುದಿಲ್ಲ.

ಟ್ಯೂಬ್ ಮೇಲೆ ಮನಸ್ಸು ಇದ್ದೇ ಇದೆ ಅಂದರೆ, ಮಾರ್ಷಲ್ ಡಿಎಸ್ಎಲ್1ರಂಥದ್ದನ್ನು ಕೇಳಿ ನೋಡಿ, 1 ವ್ಯಾಟ್‌ನಿಂದ 0.1 ವ್ಯಾಟ್‌ಗೆ ಇಳಿಸಬಹುದು. ದೊಡ್ಡ ಟ್ಯೂಬ್ ಆಂಪ್ ಮತ್ತು ಅಟೆನ್ಯುಯೇಟರ್ (ಆಂಪ್ ಮತ್ತು ಸ್ಪೀಕರ್ ನಡುವೆ ಶಬ್ದ ಇಳಿಸುವ ಪೆಟ್ಟಿಗೆ) ದಾರಿಯೂ ಇದೆ, ಆದರೆ ಈ ಹಂತದಲ್ಲಿ ಅಷ್ಟು ಖರ್ಚು ಬೇಡ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸ್ಪೀಕರ್ ಅಥವಾ ಲೋಡ್ (ಸ್ಪೀಕರ್ ಬದಲಿಗೆ ಬಳಸುವ ಸಾಧನ) ಜೋಡಿಸದೆ ಟ್ಯೂಬ್ ಆಂಪ್ ಆನ್ ಮಾಡಿ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಪೆಡಲ್ ಬಗ್ಗೆ. ಒಳ್ಳೆ ಕ್ಲೀನ್ ಇರುವ ಆಂಪ್ ಮುಂದೆ ಡಿಸ್ಟಾರ್ಷನ್ ಪೆಡಲ್ ಇಡುವುದೂ ಮನೆಗೆ ಸರಿಯಾದ ದಾರಿ, ಯಾಕೆಂದರೆ ಪೆಡಲ್‌ನ ಕ್ಲಿಪ್ಪಿಂಗ್‌ಗೂ ಆಂಪ್‌ನ ಶಬ್ದಕ್ಕೂ ಸಂಬಂಧವಿಲ್ಲ. 1978ರಿಂದ ಇರುವ ಬಾಸ್ ಡಿಎಸ್-1, ಪ್ರೊಕೊ ರ‍್ಯಾಟ್ ಇವೆಲ್ಲ ಈ ಕೆಲಸಕ್ಕೆ ಆಗುತ್ತವೆ. ಟ್ಯೂಬ್ ಸ್ಕ್ರೀಮರ್ ಅನ್ನುವ ಪೆಡಲ್ ಮಾತ್ರ ಬೇರೆ ರೀತಿ ಬಳಸಿ. ಅದು ಕ್ಲಿಪ್ ಮಾಡುವ ಮೊದಲೇ ಬೇಸ್ ಕತ್ತರಿಸಿ ಮಿಡ್ ಎತ್ತುತ್ತದೆ. ಅದರ ಡ್ರೈವ್ ಪೂರ್ತಿ ಇಳಿಸಿ, ಲೆವೆಲ್ ಏರಿಸಿ, ಈಗಾಗಲೇ ಡಿಸ್ಟಾರ್ಷನ್‌ನಲ್ಲಿರುವ ಆಂಪ್ ಮುಂದೆ ಇಟ್ಟರೆ ಮುದ್ದೆಯಾಗಿದ್ದ ಪಾಮ್ ಮ್ಯೂಟ್ ಬಿಗಿಯಾಗುತ್ತದೆ. ಮೆಟಲ್ ನುಡಿಸುವವರು ಇದನ್ನು ಇಟ್ಟುಕೊಳ್ಳುವುದು ಅದಕ್ಕೇ. ಕಟಾನಾ ಒಳಗೇ ಈ ಬಗೆಯ ಬೂಸ್ಟ್ ಇದೆ, ಅದನ್ನು ತಗೊಂಡರೆ ಪೆಡಲ್ ಆಮೇಲೆ ನೋಡಬಹುದು.

ತಡರಾತ್ರಿ ಹೆಡ್‌ಫೋನ್ ಬಳಸುತ್ತೀರಿ ಅಂದುಕೊಂಡಿದ್ದೇನೆ. ಹಾಗಾದರೆ ಹೆಡ್‌ಫೋನ್ ಔಟ್‌ನಲ್ಲಿ ಕ್ಯಾಬಿನೆಟ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರ್ ಡಬ್ಬದ ದನಿಯ ಅನುಕರಣೆ) ಇದೆಯಾ ಅಂತ ಕೇಳಿ ತಗೊಳ್ಳಿ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್ ಮೇಲಿನದನ್ನು ಹೆಚ್ಚುಕಮ್ಮಿ ಬಿಟ್ಟೇಬಿಡುತ್ತದೆ, ಹೆಡ್‌ಫೋನ್ ಬಿಡುವುದಿಲ್ಲ. ಆ ಸೋಸುವಿಕೆ ಇಲ್ಲದಿದ್ದರೆ ಎಂಥ ಡಿಸ್ಟಾರ್ಷನ್ ಕೂಡ ಕಿವಿ ಕೊರೆಯುತ್ತದೆ. ಕಂಪ್ಯೂಟರ್ ಮತ್ತು ಆಡಿಯೋ ಇಂಟರ್‌ಫೇಸ್ (ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಧನ) ಮನೆಯಲ್ಲಿ ಇದ್ದರೆ, ಆಂಪ್ ಕೊಳ್ಳುವ ಮೊದಲು ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಉಚಿತ ತಂತ್ರಾಂಶ ಹಾಕಿ ಕೆಲವು ದಿನ ನುಡಿಸಿ. ನಿಮಗೆ ಮಾರ್ಷಲ್ ರೀತಿಯ ಮಿಡ್ ಇಷ್ಟವಾ, ಇನ್ನೂ ಬಿಗಿಯಾದ ಹೈ ಗೇನ್ ಇಷ್ಟವಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮನೆಗೆ ತಂದ ಮೇಲೆ ಆಂಪನ್ನು ನೆಲದ ಮೇಲೆ, ಗೋಡೆಗೆ ಒತ್ತಿ ಇಡಬೇಡಿ. ಸ್ಪೀಕರ್‌ನ ಮೇಲಿನ ಸ್ವರಗಳು ನೇರವಾಗಿ ಮುಂದಕ್ಕೆ ಹೋಗುತ್ತವೆ, ನೆಲದ ಮೇಲಿದ್ದರೆ ಅದು ನಿಮ್ಮ ಕಾಲಿಗೆ ಬಡಿಯುತ್ತದೆ, ಕಿವಿಗೆ ಮಂಕಾಗಿ ಕೇಳಿ ನೀವು ಟ್ರೆಬಲ್ ಏರಿಸುತ್ತಾ ಹೋಗುತ್ತೀರಿ. ಒಂದು ಕುರ್ಚಿ ಮೇಲೆ ಇಡಿ, ಇಲ್ಲವೇ ಹಿಂದಕ್ಕೆ ವಾಲಿಸಿ. ಮೂಲೆಯಲ್ಲಿ ಇಟ್ಟರೆ ಬೇಸ್ ಊದಿಕೊಳ್ಳುತ್ತದೆ. ಸಣ್ಣ ಶಬ್ದದಲ್ಲಿ ಒಂದಿಷ್ಟು ಊದಿಕೊಂಡರೆ ಒಳ್ಳೆಯದೇ, ಗೋಡೆಯಿಂದ ಹಿಂದೆ ಮುಂದೆ ಸರಿಸಿ ಎಲ್ಲಿ ಸರಿ ಅನ್ನಿಸುತ್ತದೋ ಅಲ್ಲಿ ಬಿಡಿ.

ನಿಮ್ಮ ಗಿಟಾರ್‌ನಲ್ಲಿ ಸಿಂಗಲ್ ಕಾಯಿಲ್ ಪಿಕಪ್ ಇದೆಯಾ, ಹಂಬಕರ್ (ಹಮ್ ಕಳೆಯುವ ಎರಡು ಕಾಯಿಲ್ ಪಿಕಪ್) ಇದೆಯಾ ಅಂತ ಬರೆದಿಲ್ಲ. ಸಿಂಗಲ್ ಕಾಯಿಲ್ ಆದರೆ ಗೇನ್ ಏರಿಸಿದಾಗ ಕರೆಂಟಿನ ಹಮ್ ಕೂಡ ಏರುತ್ತದೆ, ಆಗ ಆಂಪ್‌ನಲ್ಲೇ ನಾಯ್ಸ್ ಗೇಟ್ (ನುಡಿಸದಿರುವಾಗ ಹಮ್ ತಡೆಯುವ ಸೌಲಭ್ಯ) ಇರುವುದು ಬಹಳ ಮುಖ್ಯವಾಗುತ್ತದೆ, ಮೇಲೆ ಹೇಳಿದ ಆರೆಂಜ್ ನಿಮಗೆ ಅಷ್ಟು ಹೊಂದುವುದಿಲ್ಲ. ಯಾವುದು ಅಂತ ತಿಳಿಸಿ, ಜೊತೆಗೆ ಮೆಟಲ್ ಅಂದರೆ ಯಾವ ಟ್ಯೂನಿಂಗ್‌ನಲ್ಲಿ ನುಡಿಸುತ್ತೀರಿ ಅಂತಲೂ ಹೇಳಿ. ಡ್ರಾಪ್ ಸಿಗೆ (ದಪ್ಪ ಇ ತಂತಿಯನ್ನು ಸಿ ಸ್ವರದವರೆಗೆ ಸಡಿಲಿಸುವ ಟ್ಯೂನಿಂಗ್) ಇಳಿಸುವವರಾದರೆ 8 ಇಂಚಿನ ಸ್ಪೀಕರ್ ಬಿಟ್ಟು ನೇರವಾಗಿ 12 ಇಂಚಿನದ್ದನ್ನೇ ನೋಡಿ ಅನ್ನುತ್ತೇನೆ.