ಹನಿ ಮುಂದುವರಿಸಿ, ಹೊಗೆ ನಿಲ್ಲಿಸಿ

ಪ್ರಶ್ನೆ: ಡಾಕ್ಟರೇ, ನನ್ನ ಮಗ 30 ವಾರಕ್ಕೇ ಹುಟ್ಟಿದ. ತೂಕ ಒಂದು ಕಿಲೋ ಮುನ್ನೂರು ಗ್ರಾಂ ಇತ್ತು. ಉಸಿರಾಡಲು ಕಷ್ಟಪಡುತ್ತಿದ್ದಾನೆಂದು ಶ್ವಾಸಕೋಶಕ್ಕೆ ಸರ್ಫ್ಯಾಕ್ಟಂಟ್ ಔಷಧ ಹಾಕಿದರು. ಈಗ ಎರಡೂವರೆ ತಿಂಗಳು, ಬಾಣಂತನಕ್ಕೆ ತವರಿನಲ್ಲಿದ್ದೇನೆ. ದಿನವೂ ವಿಟಮಿನ್ ಡಿ ಹನಿ ಕೊಡಲು ಹೇಳಿದ್ದಾರೆ. ಅಜ್ಜಿ ‘ಹನಿ ಉಷ್ಣ, ಎಳೆಬಿಸಿಲು ಸಾಕು’ ಎನ್ನುತ್ತಾರೆ. ಎರೆದ ಮೇಲೆ ಲೋಬಾನದ ಹೊಗೆಯನ್ನೂ ಹಾಕಿಸುತ್ತಾರೆ. ಪಕ್ಕದ ಮನೆಯವರು ಹನಿಯನ್ನು ಎರಡು ಪಟ್ಟು ಕೊಟ್ಟರೆ ಶ್ವಾಸಕೋಶ ಬೇಗ ಬಲಿಯುತ್ತದೆ ಎನ್ನುತ್ತಾರೆ. ಬಸಿರಿನಲ್ಲಿ ನಾನು ಬಿಸಿಲು ಕಾಣದೆ ಕಚೇರಿಯಲ್ಲೇ ಕುಳಿತಿದ್ದಕ್ಕೆ ಹೀಗಾಯಿತೇ?
– ಓದುಗರು, ದಾವಣಗೆರೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ನಿಮ್ಮ ನಿದ್ದೆಗೆಡಿಸಿರುವುದು ಅದೇ ಎಂದು ಪತ್ರ ಓದಿದರೆ ತಿಳಿಯುತ್ತದೆ. ನಿಮ್ಮ ಮಗನಿಗೆ ಉಸಿರಾಟ ಕಷ್ಟವಾದದ್ದು ಅವನು ಬೇಗ ಹುಟ್ಟಿದ್ದರಿಂದ. ಶ್ವಾಸಕೋಶದ ಗಾಳಿಗೂಡುಗಳು ಉಸಿರು ಬಿಟ್ಟಾಗ ಮುಚ್ಚಿಕೊಳ್ಳದಂತೆ ತಡೆಯುವ ಜಿಡ್ಡಿನಂಥ ಪದಾರ್ಥವೇ ಸರ್ಫ್ಯಾಕ್ಟಂಟ್. ಅದು ಸಾಕಷ್ಟು ತಯಾರಾಗುವುದು 34-35 ವಾರದ ಹೊತ್ತಿಗೆ. ಬೇಗ ಹುಟ್ಟಿದ ಶಿಶುಗಳ ಉಸಿರಾಟದ ಕಷ್ಟಕ್ಕೆ ಇದರ ಕೊರತೆಯೇ ಕಾರಣವೆಂದು ಅಮೆರಿಕದ ಸಂಶೋಧಕರಾದ ಮೇರಿ ಎಲೆನ್ ಏವರಿ ಮತ್ತು ಜೆರಿ ಮೀಡ್ 1959ರಲ್ಲಿ ತೋರಿಸಿದರು. ಆದರೂ ಮದ್ದು ಇನ್ನೂ ಇರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು ಐದೂವರೆ ವಾರ ಮುಂಚೆ ಹುಟ್ಟಿ, ಇದೇ ತೊಂದರೆಯಿಂದ ಎರಡು ದಿನವೂ ಉಳಿಯಲಿಲ್ಲ. ಜಪಾನಿನ ವೈದ್ಯ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು ಇಂಥ ಶಿಶುಗಳಿಗೆ ಕೊಟ್ಟು ಫಲ ಕಂಡದ್ದು 1980ರಲ್ಲಿ. ನಿಮ್ಮ ಮಗನಿಗೆ ಸಿಕ್ಕಿದ್ದು ಆ ಸಾಲಿನ ಚಿಕಿತ್ಸೆ. ಕಚೇರಿಯ ಕುರ್ಚಿಯನ್ನು ದೂರಬೇಡಿ, ನಿಮ್ಮನ್ನಂತೂ ದೂರಿಕೊಳ್ಳಲೇಬೇಡಿ.

ಹಾಗಾದರೆ ಹನಿ ಏಕೆ? ಮುಖ್ಯವಾಗಿ ಮೂಳೆಗೆ. ಮಗು ತನ್ನ ಸುಣ್ಣ (ಕ್ಯಾಲ್ಸಿಯಂ) ಮತ್ತು ರಂಜಕದ ಬಹುಪಾಲನ್ನು ತಾಯಿಯಿಂದ ಪಡೆಯುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಆ ಕಾಲ ನಿಮ್ಮ ಮಗನಿಗೆ ಪೂರ್ತಿ ಸಿಗಲಿಲ್ಲ. ಎದೆಹಾಲು ಅವನಿಗೆ ಅತ್ಯುತ್ತಮ ಆಹಾರ, ಆದರೆ ಅದರಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಪಕ್ಕೆಲುಬು ಮೆತ್ತಗಾದರೆ ಉಸಿರಾಟಕ್ಕೂ ತೊಡಕು.

ಶ್ವಾಸಕೋಶಕ್ಕೆ ನೇರ ಉಪಯೋಗವಿದೆಯೇ? ಸ್ವಲ್ಪ ಆಶಾದಾಯಕ ಸುದ್ದಿಯಿದೆ. ಅಮೆರಿಕದಲ್ಲಿ ಅವಧಿಗೆ ಮುನ್ನ ಹುಟ್ಟಿದ 300 ಕಪ್ಪು ಜನಾಂಗದ ಶಿಶುಗಳ ಮೇಲೆ ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಆರು ತಿಂಗಳವರೆಗೆ ದಿನವೂ 400 ಐ.ಯು. (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಹನಿ ಪಡೆದವರಲ್ಲಿ, ಒಂದು ವರ್ಷದೊಳಗೆ ಮತ್ತೆ ಮತ್ತೆ ಉಬ್ಬಸ ಬಂದದ್ದು ನೂರಕ್ಕೆ 31 ಮಕ್ಕಳಿಗೆ. ಆಹಾರದಿಂದ ಸಾಲುವಷ್ಟು ದೊರೆತ ಕೂಡಲೇ ಹನಿ ನಿಲ್ಲಿಸಿದ ಗುಂಪಿನಲ್ಲಿ ನೂರಕ್ಕೆ 42 ಮಕ್ಕಳಿಗೆ. ನಮ್ಮ ಮಕ್ಕಳಿಗೂ ಇಷ್ಟೇ ಲಾಭವೆಂದು ಇದರಿಂದ ಹೇಳಲಾಗದು. ಆದರೆ ಗಮನಿಸಿ, ಅಲ್ಲಿ ಕೊಟ್ಟದ್ದು ಸಾಮಾನ್ಯ ಪ್ರಮಾಣ, ಎರಡು ಪಟ್ಟು ಅಲ್ಲ. ಹೆಚ್ಚಾದರೆ ರಕ್ತದಲ್ಲಿ ಸುಣ್ಣ ಏರುತ್ತದೆ: ವಾಂತಿ, ಮಲಬದ್ಧತೆ, ಹಾಲು ಬೇಡವೆನ್ನುವುದು, ಮೂತ್ರಪಿಂಡಕ್ಕೆ ಹಾನಿ. ಮಿಲಿಲೀಟರಿಗೆ 400 ಐ.ಯು. ಇರುವ ಬಾಟಲಿಯೂ ಇದೆ, 800 ಇರುವುದೂ ಇದೆ. ಹೊಸ ಬಾಟಲಿ ತಂದಾಗಲೆಲ್ಲ ಲೇಬಲ್ ಓದಿ, ಅದರ ಜೊತೆಗೆ ಬಂದ ಡ್ರಾಪರಿನಲ್ಲೇ ಅಳೆಯಿರಿ. ದೊಡ್ಡವರ 60,000 ಐ.ಯು. ಪೊಟ್ಟಣ ಮಗುವಿನ ಔಷಧದ ಹತ್ತಿರವೂ ಇರಬಾರದು.

ಅಜ್ಜಿಯ ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಉಂಟುಮಾಡುವ ಕಿರಣಗಳು ತೀರಾ ಕಡಿಮೆ. ಅವು ಹೆಚ್ಚಿರುವ ನಡುಹಗಲಿನ ಬಿಸಿಲು ಈ ಚರ್ಮಕ್ಕೆ ಸಲ್ಲದು.

ನನಗೆ ನಿಜವಾಗಿ ಆತಂಕ ತಂದದ್ದು ಲೋಬಾನ. ಇದೀಗ ಚೇತರಿಸಿಕೊಳ್ಳುತ್ತಿರುವ ಶ್ವಾಸಕೋಶಕ್ಕೆ ಹೊಗೆಯಷ್ಟು ಕೆಟ್ಟದ್ದು ಬೇರೆ ಬೇಡ. ಊದುಬತ್ತಿ, ಸೊಳ್ಳೆಬತ್ತಿ, ಬೀಡಿ, ಒಲೆಯ ಹೊಗೆ ಎಲ್ಲಕ್ಕೂ ಇದೇ ಮಾತು. ಎರೆಯುವಾಗ ಮೂಗಿಗೆ ಎಣ್ಣೆ ಬಿಡುವ ರೂಢಿಯಿದ್ದರೆ ಅದೂ ನಿಲ್ಲಲಿ. ಅಜ್ಜಿಗೆ ಬೇಸರವಾಗದಂತೆ, ‘ಡಾಕ್ಟರು ಬೇಡವೆಂದರು’ ಎಂದು ನನ್ನ ಹೆಸರಲ್ಲೇ ಹೇಳಿಬಿಡಿ. ಕೂದಲು ಒಣಗಿಸಲು ಮೆತ್ತನೆಯ ಬಟ್ಟೆ ಸಾಕು, ಬೆಚ್ಚಗಿಡಲು ಅಜ್ಜಿಯ ಎದೆಯೇ ಇದೆ.

ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಪಕ್ಕೆ ಸೆಳೆತ, ನರಳು, ತುಟಿ ನೀಲಿಯಾಗುವುದು, ಉಸಿರು ನಿಂತು ನಿಂತು ಬರುವುದು – ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೊರಡಿ.

ನೀವು ಕೇಳದ ಒಂದು ವಿಷಯ: ಇಷ್ಟು ಬೇಗ ಹುಟ್ಟಿ ಆಮ್ಲಜನಕ ಪಡೆದ ಮಕ್ಕಳಿಗೆ ಹುಟ್ಟಿದ ಒಂದು ತಿಂಗಳೊಳಗೆ ಅಕ್ಷಿಪಟಲದ (ಕಣ್ಣಿನ ಒಳಪರದೆಯ) ಪರೀಕ್ಷೆ ಆಗಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ‘ಆರ್‌ಒಪಿ’ (ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಅಕ್ಷಿಪಟಲದ ತೊಂದರೆ) ಎಂದು ಹುಡುಕಿ. ಪರೀಕ್ಷೆ ಆಗಿರದಿದ್ದರೆ ಈ ಸಂಚಿಕೆ ಕೆಳಗಿಟ್ಟು ಇವತ್ತೇ ನೇತ್ರತಜ್ಞರಿಗೆ ಫೋನ್ ಮಾಡಿ.