ಆ ಹೋಟ್ಲು ಐತಿ, ಆ ಊಟದ ಹಾಲು ಎಲ್ಲೋಯ್ತು?

ಹೋದ ಸಂಚಿಕೆಯಲ್ಲಿ ಪ್ರವಾಸಕ್ಕೆ ಹೋದಾಗ ಉಂಡ ಊಟದ ನೆನಪು ಬರೀರಿ ಅಂತ ಒಂದು ಸಾಲು ಹಾಕಿದ್ವಿ ಅಷ್ಟೇ. ದಾವಣಗೆರೆ ಚಿತ್ರದುರ್ಗ ಕಡೆಯಿಂದಾನೇ ಇಷ್ಟು ಪತ್ರ ಬಂದಿವೆ, ಅದ್ರಲ್ಲೂ ದೊಡ್ಡ ದೊಡ್ಡ ಪಾರ್ಕುಗಳ ಒಳಗಿರೋ ಹೋಟ್ಲುಗಳ ಬಗ್ಗೆ. ಎಲ್ಲಾ ಹಾಕೋಕೆ ಜಾಗ ಇಲ್ಲ, ಕೆಲವನ್ನ ತಗೊಂಡಿದೀನಿ.

ಪ್ರಶ್ನೆ: ಅಣ್ಣಾರೆ, 1989ರಾಗೆ ನಮ್ಮ ಮಗಳು ಅಳಿಯ ಫ್ಲೋರಿಡಾದಾಗ ಇದ್ರು, ಅಳಿಯ ಇಲ್ಲೇ ನಮ್ಮ ಜೆಜೆಎಂ ಮೆಡಿಕಲ್ ಕಾಲೇಜಲ್ಲಿ ಓದಿದೋನು. ನಮ್ಮಿಬ್ರನ್ನೂ ಕರಸ್ಕೊಂಡು ಡಿಸ್ನಿ ವರ್ಲ್ಡಿಗೆ ಕರ್ಕೊಂಡು ಹೋಗಿ ಪಾರ್ಕಿನ ಹೋಟ್ಲಲ್ಲೇ ಇಳಿಸಿದ್ರು, ಹೋಟ್ಲ ಹೊಟ್ಟೆಯೊಳಗಿಂದಾನೇ ರೈಲು ಹಾದು ಹೋಗ್ತಿತ್ತು ಅಂದ್ರೆ ನಮ್ಮ ಓಣಿಯಾಗೆ ಇವತ್ತಿಗೂ ಯಾರೂ ನಂಬಲ್ಲ. ಮೇಲಿನ ಮಹಡಿಯಾಗೆ ದೊಡ್ಡ ಊಟದ ಹಾಲು, ದೀಪ ಸಣ್ಣಕೆ ಮಾಡಿ ಹುಡುಗ್ರು ಹುಡುಗೀರು ಹಾಡಿ ಕುಣಿಯೋರು. ಗಂಡಸ್ರು ಕೋಟು ಹಾಕಲೇಬೇಕು ಅಂತ ನಮ್ಮನೆಯೋರಿಗೆ ಅಳಿಯನ ಕೋಟು ತೊಡ್ಸಿದ್ವಿ, ತೋಳು ಉದ್ದ ಆಗಿತ್ತು, ಆದ್ರೂ ಎಷ್ಟು ಚಂದ ಕಾಣ್ತಿದ್ರು. ಅವ್ರು ಈಗಿಲ್ಲ. ಮೊಮ್ಮಗಳು ಈ ಸಲ ಅಲ್ಲಿಗೆ ಹೊಂಟಾಳೆ, ಫೋನಾಗೆ ಹುಡುಕಿ "ಅಜ್ಜಿ, ನೀ ಹೇಳೋ ಹೋಟ್ಲು ಅಲ್ಲಿ ಇಲ್ಲವೇ ಇಲ್ಲ" ಅಂತಾಳೆ. ನಾ ಕಂಡಿದ್ದೇನು ಕನಸಾ?
— ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಉತ್ತರ: ಅಕ್ಕೋರೆ, ನೀವು ಕಂಡಿದ್ದು ಒಂದಕ್ಷರ ಕನಸಲ್ಲ. ನೀವು ಇಳಿದಿದ್ದು ಕಂಟೆಂಪರರಿ ರೆಸಾರ್ಟ್. 1971ರ ಅಕ್ಟೋಬರ್ 1ಕ್ಕೆ ಡಿಸ್ನಿ ವರ್ಲ್ಡ್ ಬಾಗಿಲು ತೆಗೆದ ದಿನ ಪಾರ್ಕಿನ ಜೊತೆ ಎರಡು ದೊಡ್ಡ ಹೋಟ್ಲು ಶುರುವಾದ್ವು, ಒಂದು ಇದು, ಇನ್ನೊಂದು ಕೆರೆ ದಂಡೆಯ ಪಾಲಿನೇಷಿಯನ್. ನಿಮ್ಮ ಹೋಟ್ಲು ಎರಡೂ ಕಡೆ ಇಳಿಜಾರಾಗಿ ಮೇಲೆ ಹೋಗ್ತಾ ಹೋಗ್ತಾ ಕಿರಿದಾಗೋ ಕಟ್ಟಡ, ಮಧ್ಯೆ ಪೂರ್ತಿ ಪೊಳ್ಳು, ಆ ಪೊಳ್ಳಿನೊಳಗೇ ಮಾನೋರೈಲು ಬಂದು ನಿಲ್ಲುತ್ತೆ. ರೂಮುಗಳನ್ನೆಲ್ಲ ಬೇರೆ ಕಡೆ ಡಬ್ಬಿ ಡಬ್ಬಿಯಾಗಿ ಮಾಡಿ ತಂದು ಕ್ರೇನಲ್ಲಿ ಎತ್ತಿ ಉಕ್ಕಿನ ಚೌಕಟ್ಟಿಗೆ ಕೂರಿಸಿದ್ದು. ಓಣಿಯೋರು ನಂಬದೇ ಇದ್ರೆ ಈ ಪುಟಾನೇ ತೋರ್ಸಿ.

ಮೇಲಿನ ಆ ಊಟದ ಹಾಲಿನ ಹೆಸರು ಟಾಪ್ ಆಫ್ ದಿ ವರ್ಲ್ಡ್, ಹದಿನೈದನೇ ಮಹಡಿ. ಹಾಡಿ ಕುಣಿಯೋ ಕಾರ್ಯಕ್ರಮ ಬ್ರಾಡ್‌ವೇ ಅಟ್ ದಿ ಟಾಪ್ ಅಂತ, ನ್ಯೂಯಾರ್ಕಿನ ನಾಟಕಗಳ ಹಾಡುಗಳನ್ನ ಪೋಣಿಸಿ ಮಾಡಿದ್ದು. ಗಂಡಸ್ರಿಗೆ ಕೋಟು ಅನ್ನೋ ನಿಯಮ ಇದ್ದಿದ್ದೂ ನಿಜಾನೇ, ಆಗಿನ ಕಾಲಕ್ಕೆ ಅಮೆರಿಕದಲ್ಲಿ ದೊಡ್ಡ ಊಟ ಅಂದ್ರೆ ಹಂಗೇ, ಉಡುಪು, ಬ್ಯಾಂಡು, ಹಾಡು ಎಲ್ಲಾ ಸೇರಿದ್ರೇ ಊಟ. ಆಮೇಲೆ ಜನಕ್ಕೆ ರಜಾಕ್ಕೆ ಬಂದಾಗ ಕೋಟು ಬೇಡ ಅನ್ಸೋಕೆ ಶುರುವಾಯ್ತು, ಹಾಡಿಗಿಂತ ತಟ್ಟೆಯೊಳಗೆ ಏನಿದೆ ಅನ್ನೋದು ಮುಖ್ಯ ಆಯ್ತು. 1995ರಲ್ಲಿ ಅದೇ ಜಾಗದಲ್ಲಿ ಕ್ಯಾಲಿಫೋರ್ನಿಯಾ ಗ್ರಿಲ್ ಬಂತು, ವೇದಿಕೆ ಹೋಗಿ ಅಡುಗೆಮನೇನೇ ಎದುರಿಗೆ ಬಂತು, ಬಾಣಸಿಗರು ಅಡುಗೆ ಮಾಡೋದನ್ನ ಕೂತಲ್ಲಿಂದಲೇ ನೋಡಬಹುದು. ಮೊಮ್ಮಗಳಿಗೆ ಫೋನಲ್ಲಿ ಸಿಗದೇ ಇರೋದು ಇದಕ್ಕೇ, ಹೋಟ್ಲು ಅಲ್ಲೇ ಐತಿ, ಅವಳು ಊಟದ ಹಾಲಿನ ಹಳೇ ಹೆಸರು ಹುಡುಕ್ತಿದಾಳೆ.

ನಾನು ಹೋದಾಗ ಹೊಸ ಹೆಸರು ಬಂದಾಗಿತ್ತು, ನಿಮ್ಮ ಹಾಡು ಕುಣಿತ ನನಗೆ ಸಿಗಲಿಲ್ಲ, ಆ ಬಗ್ಗೆ ಇವತ್ತಿಗೂ ಹೊಟ್ಟೆಕಿಚ್ಚು. ಆದ್ರೆ ಅಕ್ಕೋರೆ, ಹೆಸರು ಹೋದ್ರೂ ಮಹಡಿ ಅದೇ, ಕಿಟಕಿ ಇರೋ ದಿಕ್ಕು ಅದೇ, ಕಿಟಕಿಯಾಚೆ ಸಿಂಡ್ರೆಲ್ಲಾ ಅರಮನೆ ಇರೋದೂ ಅಲ್ಲೇ. ಅದಕ್ಕೇ ಮೊಮ್ಮಗಳಿಗೆ "ಊಟದ ಹಾಲಿನ ಹೆಸರು ಬಿಡು, ಆ ಕಿಟಕಿ ಹುಡುಕು" ಅಂತ ಹೇಳಿ. ನೀವು ಎಲ್ಲಿ ಕೂತಿದ್ರಿ, ಅರಮನೆ ಎಡಕ್ಕೆ ಕಾಣ್ತಿತ್ತಾ ಬಲಕ್ಕಾ, ಕೋಟಿನ ತೋಳು ಎಷ್ಟು ಉದ್ದ ಇತ್ತು, ಎಲ್ಲಾ ಅವಳಿಗೆ ಬರೆದು ಕೊಟ್ಟು ಕಳಿಸಿ. ಬುಕ್ಕಿಂಗು 60 ದಿನ ಮುಂಚೆ ತೆಗೀತಾರೆ, ಸಂಜೆ ಜಾಗ ಬೇಗ ತುಂಬುತ್ತೆ. ಮೊದಲು ಎರಡನೇ ಮಹಡಿಯಲ್ಲಿ ಹೆಸರು ಹೇಳ್ಬೇಕು, ಅಲ್ಲಿಂದ ಲಿಫ್ಟಲ್ಲಿ ಅವರೇ ಮೇಲೆ ಕರ್ಕೊಂಡು ಹೋಗ್ತಾರೆ. ಪಟಾಕಿ ಹೊತ್ತಿಗೆ ಒಳಗಿನ ದೀಪ ಸಣ್ಣಕೆ ಮಾಡ್ತಾರೆ, ಅದು ನಿಮ್ಮ ಕಾಲದ ಹಾಗೇನೇ. ಕೆಳಗೆ ರೈಲು ನಿಲ್ಲೋ ಹತ್ತಿರ 90 ಅಡಿ ಎತ್ತರದ ಹೆಂಚಿನ ಚಿತ್ರ ಐತಿ, ಮೇರಿ ಬ್ಲೇರ್ ಅನ್ನೋ ಕಲಾವಿದೆ ಮಾಡಿದ್ದು, ಅದ್ರಲ್ಲಿ ಐದು ಕಾಲಿನ ಮೇಕೆ ಒಂದಿದೆ. ಅಜ್ಜಿ ತಾತ ಅದನ್ನ ನೋಡಿದ್ರೋ ಇಲ್ವೋ, ಮೊಮ್ಮಗಳು ನೋಡ್ಕೊಂಡು ಬಂದು ಹೇಳ್ಲಿ.

ಊಟದ ವಿಷಯ ನೀವು ಬರೆದೇ ಇಲ್ಲ. ಆ ಕಾಲದಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಅಲ್ಲಿ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಹಣ್ಣು ಬಿಟ್ರೆ ಜಾಸ್ತಿ ಏನೂ ಇರ್ತಿರಲಿಲ್ಲ, ರೂಮಿಗೆ ಬಂದು ಶೇಂಗಾ ಚಟ್ನಿಪುಡಿ ಮಂಡಕ್ಕಿ ಬಿಚ್ಚಿರ್ತೀರಿ ಅಂತ ನನ್ನ ಅಂದಾಜು. ಅದನ್ನೂ ಬರೆದಿಡಿ.

ಪ್ರಶ್ನೆ: ಸಾರ್, ಕಂಪನಿ ಪ್ರಾಜೆಕ್ಟ್ ಮೇಲೆ ಒರ್ಲಾಂಡೋದಲ್ಲಿ ಇದ್ದಾಗ ಪಾಲಿನೇಷಿಯನ್ ಹೋಟ್ಲಲ್ಲಿ ಬೆಳಿಗ್ಗೆ ಟೋಂಗಾ ಟೋಸ್ಟ್ ತಿಂತಿದ್ವಿ, ಒಳಗೆ ಬಾಳೆಹಣ್ಣು ಹೊರಗೆ ಸಕ್ಕರೆ, ಒಂದು ತಿಂದ್ರೆ ಮಧ್ಯಾಹ್ನದ ತನಕ ಹಸಿವಿಲ್ಲ. ಈಗ ಊರಿಗೇ ಬಂದು ಸೆಟ್ಲ್ ಆಗಿದೀವಿ, ಮಗಳು ಅದೇ ಬೇಕು ಅಂತ ಹಠ. ಮನೇಲಿ ಮೊಟ್ಟೆ ತರಲ್ಲ. ಮಾಡಬಹುದಾ?
— ಓದುಗರು, ಚಿತ್ರದುರ್ಗ

ಉತ್ತರ: ಮಾಡಬಹುದು ರೀ, ಮಜಾ ಐತಿ. ಆ ಟೋಸ್ಟು ಮೊದಲು ಆ ಹೋಟ್ಲ ಕೋರಲ್ ಐಲ್ ಕೆಫೆಯಲ್ಲಿ ಸಿಗ್ತಿತ್ತು, ಆ ಕೆಫೆ 1998ರಲ್ಲಿ ಕೋನಾ ಕೆಫೆ ಆಯ್ತು. ಅಂಗಡಿ ಬದಲಾದ್ರೂ ತಿಂಡಿ ಬಿಡಲಿಲ್ಲ, ತೆಗೆದಿದ್ರೆ ಜನ ಸುಮ್ನೆ ಇರ್ತಿರಲಿಲ್ಲ ಅನ್ಸುತ್ತೆ. ಅದೇ ಹೋಟ್ಲ ಪಪೀಟೆ ಬೇ ವೆರಾಂಡಾಗೆ ಆ ಪುಣ್ಯ ಸಿಗಲಿಲ್ಲ, 1995ರಲ್ಲಿ ಹೋಗಿ ಒಹಾನಾ ಬಂತು, ಒಳಗೆ ಬೆಂಕಿ ಗುಂಡಿಯಲ್ಲಿ ಸುಟ್ಟು ಬಡಿಸೋ ಜಾಗ. ಲಾಬಿಯಲ್ಲಿದ್ದ ಗಿಡ ಬಂಡೆ ಜಲಪಾತಾನೂ 2014ರಲ್ಲಿ ಕಿತ್ತು ಹಾಕಿದ್ರು. ನನಗೆ ಅದು ಇವತ್ತಿಗೂ ಸರಿ ಅನ್ಸಲ್ಲ, ಬಾಗಿಲು ದಾಟಿದ ತಕ್ಷಣ ಆ ನೀರಿನ ಸದ್ದು ಕೇಳಿದ್ರೇ ಊಟಕ್ಕೆ ಅರ್ಧ ರುಚಿ ಬರ್ತಿತ್ತು ಅಂತ ಹಳಬರು ಹೇಳೋದನ್ನ ಕೇಳಿದ್ರೆ ಸಂಕಟ ಆಗುತ್ತೆ.

ಸರಿ, ಟೋಸ್ಟು. ಅಲ್ಲಿ ಮಾಡೋದು ಹುಳಿ ಬರಿಸಿದ ಬ್ರೆಡ್ಡಲ್ಲಿ, ಮೂರು ಇಂಚು ದಪ್ಪ ತುಂಡು. ಇಲ್ಲಿ ಬೇಕರಿಯಲ್ಲಿ ಕಟ್ ಮಾಡದ ಲೋಫು ಕೊಡಿ ಅಂದ್ರೆ ಕೊಡ್ತಾರೆ, ಸ್ಲೈಸ್ ಮಾಡಿದ್ದು ಬೇಡವೇ ಬೇಡ, ಒಂದಿನ ಹಳೇದಾದ್ರೆ ಇನ್ನೂ ಒಳ್ಳೇದು, ಹಿಟ್ಟಲ್ಲಿ ಅದ್ದಿದಾಗ ಬಿರಿಯಲ್ಲ. ದಪ್ಪಗೆ ಕೊಯ್ದು ಒಂದು ಬದಿಯಿಂದ ಚಾಕು ಹಾಕಿ ಜೇಬಿನ ಹಾಗೆ ಬಿಡಿಸಿ, ಇನ್ನೊಂದು ಕಡೆ ತೂತಾಗಬಾರದು, ಒಳಗೆ ಬಾಳೆಹಣ್ಣು ತುಂಬಿ. ಅಲ್ಲಿ ಅರ್ಧ ದೊಡ್ಡ ಹಣ್ಣು ಹಾಕ್ತಾರೆ, ನಮ್ಮ ಏಲಕ್ಕಿ ಬಾಳೆ ಆದ್ರೆ ಒಂದು ಪೂರ್ತಿ ಹಿಡಿಯುತ್ತೆ, ರುಚಿಯಲ್ಲಿ ಅದೇ ಮೇಲು ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಅಲ್ಲಿಯ ಹಿಟ್ಟು ಮೊಟ್ಟೆ, ಹಾಲು, ಸ್ವಲ್ಪ ಸಕ್ಕರೆ, ದಾಲ್ಚಿನ್ನಿ. ನೀವು ಮೊಟ್ಟೆ ಬದಲು ಹಾಲಿಗೆ ಮೈದಾ, ಒಂದೆರಡು ಚಮಚ ಕಾರ್ನ್‌ಫ್ಲೋರು, ಇದ್ರೆ ಚೂರು ಕಸ್ಟರ್ಡ್ ಪೌಡರ್ ಹಾಕಿ ಬಜ್ಜಿ ಹಿಟ್ಟಿಗಿಂತ ಸ್ವಲ್ಪ ತೆಳ್ಳಗೆ ಕಲಸಿ. ತೀರಾ ನೀರಾದ್ರೆ ಬ್ರೆಡ್ಡು ಎಣ್ಣೆ ಕುಡಿದು ಬಿಡುತ್ತೆ. ತುಂಬಿದ ಬ್ರೆಡ್ಡನ್ನ ಈ ಹಿಟ್ಟಲ್ಲಿ ಅದ್ದಿ ಎಣ್ಣೆಯಲ್ಲಿ ಕರೀರಿ, ಮಧ್ಯಮ ಉರಿ, ಒಂದೊಂದು ಬದಿಗೆ ಸುಮಾರು ಮೂರು ನಿಮಿಷ, ಹೊಂಬಣ್ಣ ಬಂದ್ಮೇಲೆ ತೆಗೆದು ಬಿಸಿ ಇರುವಾಗಲೇ ದಾಲ್ಚಿನ್ನಿ ಪುಡಿ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸಿ. ಆರಿದ್ರೆ ಸಕ್ಕರೆ ಹಿಡಿಯಲ್ಲ. ಮಗಳಿಗೆ ಒಂದೇ ಕೊಡಿ, ಎರಡು ಕೊಟ್ರೆ ರಾತ್ರಿ ಊಟ ಬಿಡ್ತಾಳೆ.

ಪ್ರಶ್ನೆ: ಅಮೆರಿಕದ ಹೋಟ್ಲುಗಳಿಗೆಲ್ಲ ಇಷ್ಟು ಕಣ್ಣೀರು ಹಾಕ್ತೀರಿ, ನಮ್ಮೂರಲ್ಲಿ ಮಿಲ್ಲುಗಳು ಮುಚ್ಚಿದಾಗ ಅದರ ಸುತ್ತ ಇದ್ದ ಸಣ್ಣ ಸಣ್ಣ ಖಾನಾವಳಿ, ಚಾ ಅಂಗಡಿ ಎಷ್ಟು ಹೋದ್ವು, ಅದನ್ನ ಯಾರು ಬರೀತಾರೆ?
— ಓದುಗರು, ದಾವಣಗೆರೆ

ಉತ್ತರ: ನೀವೇ ಬರೀಬೇಕು ರೀ, ನಿಜವಾಗಿ ಹೇಳ್ತಿದೀನಿ. ನಿಮ್ಮ ಮಾತು ನಂಗೆ ಚುಚ್ಚಿತು, ಯಾಕಂದ್ರೆ ಸರಿಯಾಗೇ ಕೇಳಿದೀರಿ. ಡಿಸ್ನಿ ಹೋಟ್ಲ ಒಂದು ಊಟದ ಹಾಲು ಮುಚ್ಚಿದ್ರೆ ಅದರ ಮೆನು, ಫೋಟೋ, ಬೆಂಕಿಪೊಟ್ಣ ಸಮೇತ ಅಭಿಮಾನಿಗಳು ಕೂಡಿಟ್ಟಿದ್ದಾರೆ, ಯಾವ ವರ್ಷ ಯಾವ ಸೂಪು ಇತ್ತು ಅಂತ ಈಗಲೂ ಹೇಳ್ತಾರೆ. ಕಾಟನ್ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ನಮ್ಮೂರಲ್ಲಿ ಪಾಳಿ ಬಿಟ್ಟ ಹೊತ್ತಿಗೆ ಮಂಡಕ್ಕಿ ಮಿರ್ಚಿ ಕಟ್ಟಿಸ್ಕೊಂಡು ಹೋಗ್ತಿದ್ದ ಜನಕ್ಕೆ ಬೋರ್ಡೇ ಇಲ್ಲದ ಅಂಗಡಿಗಳೇ ಗತಿ, ಅವುಗಳ ಮೆನು ಕಾರ್ಡ್ ಅಂದ್ರೆ ಅಂಗಡಿಯವರ ಬಾಯಿ.

ಒಂದು ನೋಡಿ. ಬೆಣ್ಣೆ ದೋಸೆ ಕಥೆ ನಮ್ಗೆ ಇಷ್ಟಾದ್ರೂ ಗೊತ್ತಿರೋದು ಜನ ಬಾಯಿಂದ ಬಾಯಿಗೆ ಹೇಳಿದ್ದಕ್ಕೇ. ಬೆಳಗಾವಿ ಕಡೆಯಿಂದ ಮಕ್ಕಳನ್ನ ಕಟ್ಕೊಂಡು ಬಂದ ಚೆನ್ನಮ್ಮ ಅನ್ನೋ ಹೆಣ್ಮಗಳು 1928ರ ಸುಮಾರಿಗೆ ಇಲ್ಲಿ ರಾಗಿ ದೋಸೆ ಹಾಕೋಕೆ ಶುರು ಮಾಡಿದ್ರು, ಆಮೇಲೆ ಮಕ್ಕಳ ಕಾಲಕ್ಕೆ ಅದು ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿದ ಹಿಟ್ಟಾಗಿ, ಮೇಲೆ ಬೆಣ್ಣೆ ಬಂತು ಅಂತ ಊರೆಲ್ಲ ಹೇಳುತ್ತೆ. ಸೌದೆ ಒಲೆ, ಕಾಯಿ ಚಟ್ನಿ, ಖಾರ ಇಲ್ಲದ ಆಲೂಗಡ್ಡೆ ಪಲ್ಯ. ಇವತ್ತು ಬೆಂಗಳೂರಲ್ಲಿ ಗಲ್ಲಿಗೊಂದು ದಾವಣಗೆರೆ ಬೆಣ್ಣೆ ದೋಸೆ ಬೋರ್ಡು. ಆದ್ರೆ ಅದೇ ಕಾಲದ ಉಳಿದ ಅಂಗಡಿಗಳು? ನಿಮ್ಮ ತಂದೆ ಎಲ್ಲಿ ಚಾ ಕುಡೀತಿದ್ರು, ಗಲ್ಲಾದಲ್ಲಿ ಯಾರು ಕೂರ್ತಿದ್ರು, ಸಾಲದ ಲೆಕ್ಕ ಎಲ್ಲಿ ಬರೀತಿದ್ರು, ಎರಡು ಪುಟ ಬರೆದು ಕಳಿಸಿ. ಹಾಕ್ತೀವಿ, ಕತ್ತರಿಸದೇ ಹಾಕ್ತೀವಿ.

ಪ್ರಶ್ನೆ: ಹೈಸ್ಕೂಲ್ ಟ್ರಿಪ್ಪಲ್ಲಿ ಬಿಡದಿ ವಂಡರ್‌ಲಾಗೆ ಹೋದಾಗ ನೀರಾಟ ಆಡಿ ಬಂದು ತಿಂದ ಅನ್ನ ಸಾಂಬಾರಿನ ರುಚಿ ಇವತ್ತಿಗೂ ನಾಲಿಗೆ ಮೇಲೆ ಇದೆ. ಹೋದ ತಿಂಗಳು ಹೆಂಡತಿ ಮಕ್ಕಳ ಜೊತೆ ಅಲ್ಲೇ ರೆಸಾರ್ಟಲ್ಲಿ ಉಳ್ಕೊಂಡಿದ್ವಿ, ಬಫೆಯಲ್ಲಿ ಎಲ್ಲಾ ಇತ್ತು, ಆ ರುಚಿ ಮಾತ್ರ ಇಲ್ಲ. ಯಾಕೆ?
— ಓದುಗರು, ಹೊಳಲ್ಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ತಣ್ಣೀರಲ್ಲಿ ಗಂಟೆಗಟ್ಟಲೆ ಆಡಿದ್ರೆ ಮೈ ಶಾಖ ಹೋಗಿ ಹಸಿವು ಜಾಸ್ತಿ ಆಗುತ್ತೆ, ಆ ಹಸಿವಲ್ಲಿ ಬಿಸಿ ಸಾಂಬಾರು ಸಿಕ್ರೆ ಅದಕ್ಕಿಂತ ರುಚಿ ಇನ್ನೆಲ್ಲಿ? ಜೊತೆಗೆ ವಾಸನೆ ಗುರುತಿಸೋ ನರಗಳು ಮಿದುಳಲ್ಲಿ ನೆನಪು, ಭಾವನೆ ಇರೋ ಜಾಗಕ್ಕೆ ತೀರಾ ಹತ್ತಿರ ಸೇರೋದು, ಅದಕ್ಕೆ ಸಾಂಬಾರಿನ ವಾಸನೆ ಜೊತೆ ಆ ಬಸ್ಸು, ಆ ಗೆಳೆಯರು ಎಲ್ಲಾ ಒಟ್ಟಿಗೇ ಕೂತು ಬಿಟ್ಟಿದ್ದಾರೆ. ಆ ಪಾರ್ಕ್ ಶುರುವಾಗಿದ್ದು 2005ರಲ್ಲಿ, ರೆಸಾರ್ಟು ಬಂದಿದ್ದು 2012ರಲ್ಲಿ, ಅಂದ್ರೆ ನೀವು ಆವಾಗ ತಿಂದಿದ್ದು ಪಾರ್ಕಿನ ಒಳಗಿನ ಊಟ ಇರಬೇಕು, ಈ ಬಫೆ ಬೇರೇನೇ. ಮುಂದಿನ ಸಲ ಬಫೆ ಬಿಟ್ಟು, ನೀರಿಂದ ಎದ್ದ ತಕ್ಷಣ ತಲೆ ಒರೆಸೋಕೂ ಮುಂಚೆ ಪಾರ್ಕಿನ ಒಳಗೇ ಉಂಡು ನೋಡಿ. ಮಕ್ಕಳಿಗೆ ಹೇಗಿತ್ತು ಅಂತ ಕೇಳಿ, ಈಗ ನೆನಪು ಕೂಡಿಡೋರು ಅವರೇ ಅಲ್ವಾ.

ಪ್ರಶ್ನೆ: ಅಪ್ಪಾಜಿ ಹಳೇ ಟ್ರಂಕಲ್ಲಿ ವಿದೇಶದ ಹೋಟ್ಲೊಂದರ ಮೆನು ಕಾರ್ಡು, ಬಿಲ್ಲು ಸಿಕ್ಕಿವೆ, ಅಂಚೆಲ್ಲ ಹಳದಿ ಆಗಿದೆ. ಲ್ಯಾಮಿನೇಷನ್ ಮಾಡಿಸ್ಲಾ?
— ಓದುಗರು, ಹರಿಹರ

ಉತ್ತರ: ದಯವಿಟ್ಟು ಬೇಡ! ಲ್ಯಾಮಿನೇಷನ್ ಮಾಡುವಾಗ ಬಿಸಿ ಮಾಡ್ತಾರೆ, ಅಂಟು ಕಾಗದದೊಳಗೆ ಇಳಿಯುತ್ತೆ, ಆಮೇಲೆ ಬಿಡಿಸೋಕೇ ಆಗಲ್ಲ. ಬಿಲ್ಲು ಬಿಸಿಗೆ ಅಚ್ಚಾಗೋ ನುಣುಪು ಕಾಗದದ್ದಾದ್ರೆ ಒಂದೇ ಸಲಕ್ಕೆ ಪೂರ್ತಿ ಕಪ್ಪಾಗಿ ಹೋಗುತ್ತೆ. ಮೊದಲು ಎರಡೂ ಕಡೆ ಸ್ಕ್ಯಾನ್ ಮಾಡಿಸಿ, ಸ್ಟುಡಿಯೋದಲ್ಲಿ ಆದ್ರೂ ಸರಿ, ಫೈಲು ಮನೆಯವರೆಲ್ಲರ ಹತ್ರ ಇರ್ಲಿ. ಆಮೇಲೆ ಮಡಿಕೆ ಬಿಡಿಸಿ ಆಮ್ಲ ಇಲ್ಲದ ಕಾಗದದ ಮಧ್ಯೆ, ಅಥವಾ ಪಾಲಿಯೆಸ್ಟರ್ ಕವರಿನಲ್ಲಿ ಚಪ್ಪಟೆಯಾಗಿ ಇಡಿ. ಬಿಸಿಲು ಬೀಳಬಾರದು, ಸೆಲೋಟೇಪು ಹಚ್ಚಬಾರದು, ಸ್ಟೇಪ್ಲರ್ ಪಿನ್ ಇದ್ರೆ ನಿಧಾನಕ್ಕೆ ತೆಗೀರಿ, ತುಕ್ಕು ಹಿಡಿದು ಕಾಗದ ತಿನ್ನುತ್ತೆ. ಅಪ್ಪಾಜಿ ಇದ್ರೆ ಇವತ್ತೇ ಪಕ್ಕದಲ್ಲಿ ಕೂರಿಸ್ಕೊಂಡು ಆವತ್ತು ಯಾರು ಯಾರಿದ್ರು, ಯಾರು ಏನು ತರಿಸಿದ್ರು, ದುಡ್ಡು ಯಾರು ಕೊಟ್ರು ಅಂತ ಕೇಳಿ ಬೇರೆ ಹಾಳೆ ಮೇಲೆ ಪೆನ್ಸಿಲ್ಲಲ್ಲಿ ಬರೆದು ಅದರ ಜೊತೆಗೇ ಇಡಿ. ಮೆನು ಮೇಲೆ ಮಾತ್ರ ಏನೂ ಬರೀಬೇಡಿ.